ಇಪ್ಪತ್ತೈದು ವರ್ಷದ ಭರವಸೆ, ಐದು ವರ್ಷದ ಹೊಣೆ

ಮನೆ ಮೇಲಿನ ಸೋಲಾರ್‌ಗೆ ಸಬ್ಸಿಡಿ ಕೊಡುವ ಕೇಂದ್ರದ ಪಿಎಂ ಸೂರ್ಯಘರ್ ಯೋಜನೆ 2024ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಮೇಲೆ ಉಡುಪಿ ಬಳಿಯ ಪರ್ಕಳ, ಹೆರ್ಗ, ಆತ್ರಾಡಿ, ಹಿರಿಯಡಕದ ಕಡೆ ಬಿಸಿಲು ಬೀಳುವ ತಾರಸಿ ಇರುವ ಮನೆಗಳಿಗೆಲ್ಲ ಸೋಲಾರ್‌ನವರ ಫೋನ್ ಬರುತ್ತಿದೆ. ಮೂರು ಕಿಲೋವ್ಯಾಟಿಗೆ ಒಬ್ಬರು 1.7 ಲಕ್ಷ ಹೇಳುತ್ತಾರೆ, ಇನ್ನೊಬ್ಬರು 2.2 ಲಕ್ಷ. ಇಬ್ಬರ ಕೊಟೇಶನ್ನಿನಲ್ಲೂ ದಪ್ಪಕ್ಷರದಲ್ಲಿ ಇರುವುದು ಒಂದೇ ಮಾತು: 25 ವರ್ಷ ವಾರಂಟಿ. ವಸ್ತು ಒಂದೇ, ವಾರಂಟಿ ಒಂದೇ ಎಂದಾದರೆ ಐವತ್ತು ಸಾವಿರದ ಅಂತರ ಎಲ್ಲಿಂದ ಬಂತು? ಮಣಿಪಾಲದ ಉಪನ್ಯಾಸಕರಿಂದ ಹಿಡಿದು ಕಾರ್ಕಳದ ಅಡಿಕೆ ಕೃಷಿಕರವರೆಗೆ ಈಗ ಎಲ್ಲರೂ ಕೇಳುತ್ತಿರುವ ಪ್ರಶ್ನೆ ಇದು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ದರದ ತಕರಾರು ಮತ್ತು ವಾರಂಟಿಯ ತಕರಾರು ಎರಡಲ್ಲ, ಒಂದೇ. 25 ವರ್ಷದ ಕಾಗದ ಇರುವುದು ಪ್ಯಾನೆಲ್‌ಗೆ, ಅಂದರೆ ಇಡೀ ವ್ಯವಸ್ಥೆಯಲ್ಲಿ ಅತಿ ಕಡಿಮೆ ಕೆಡುವ ವಸ್ತುವಿಗೆ. ನಮ್ಮ ಮಳೆ, ನಮ್ಮ ಉಪ್ಪುಗಾಳಿ, ನಮ್ಮ ಸಿಡಿಲಿಗೆ ನಿಜವಾಗಿ ಕೆಡುವುದು ಸ್ಟ್ರಕ್ಚರ್, ಬೋಲ್ಟು, ಕೇಬಲ್ ಜಾಯಿಂಟು, ಅರ್ಥಿಂಗ್, ಇನ್ವರ್ಟರ್. ಅವುಗಳ ವಾರಂಟಿ ಹೆಚ್ಚಾಗಿ ಐದು ವರ್ಷ, ಎಷ್ಟೋ ಕಡೆ ಅದೂ ಇಲ್ಲ. ಕಡಿಮೆ ಕೊಟೇಶನ್ ಕಡಿಮೆಯಾಗುವುದು ಸರಿಯಾಗಿ ಇದೇ ಜಾಗದಲ್ಲಿ.

ಮೊದಲು ಸರ್ಕಾರದ ಲೆಕ್ಕ. ಕೇಂದ್ರ ಸಂಪುಟ 2024ರ ಫೆಬ್ರವರಿ 29ರಂದು 75,021 ಕೋಟಿ ರೂ. ವೆಚ್ಚದ ಈ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಗುರಿ ಒಂದು ಕೋಟಿ ಮನೆ. ಮೊದಲ ಎರಡು ಕಿಲೋವ್ಯಾಟಿಗೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟು 78,000 ರೂ. ಸಬ್ಸಿಡಿ. ಐದು ಕಿಲೋವ್ಯಾಟ್ ಹಾಕಿದರೂ ಅಷ್ಟೇ, ಹತ್ತು ಹಾಕಿದರೂ ಅಷ್ಟೇ. ಪ್ಯಾನೆಲ್ ಮತ್ತು ಇನ್ವರ್ಟರ್ ಎರಡರಲ್ಲಿ ಯಾವುದರ ಸಾಮರ್ಥ್ಯ ಕಡಿಮೆಯೋ ಅದರ ಮೇಲೆ ಈ ಹಣ ನಿರ್ಧಾರವಾಗುತ್ತದೆ. ಹಣ ಬರುವುದು ವೆಂಡರ್ ಕೈಗಲ್ಲ, ಮನೆಯವರ ಬ್ಯಾಂಕ್ ಖಾತೆಗೆ. "ಸಬ್ಸಿಡಿ ನಾವು ಮಾಡಿಸಿ ಕೊಡ್ತೇವೆ, ಅದಕ್ಕೆ ಪ್ರತ್ಯೇಕ ಚಾರ್ಜ್ ಆಗ್ತದೆ" ಎಂದು ಯಾರಾದರೂ ಕೇಳಿದರೆ ಅಲ್ಲಿಯೇ ನಿಲ್ಲಿಸಿ.

ಈ ಸಬ್ಸಿಡಿ ನಿಗದಿಯಾದಾಗ ಕೇಂದ್ರ ಹಿಡಿದ ಮೂಲದರ ಮೊದಲ ಎರಡು ಕಿಲೋವ್ಯಾಟಿಗೆ ತಲಾ 50,000, ಮೂರನೆಯದಕ್ಕೆ 45,000. ಅಂದರೆ ಮೂರು ಕಿಲೋವ್ಯಾಟಿಗೆ 1.45 ಲಕ್ಷ. ಈ ಅಂಕಿಯನ್ನು ಪತ್ರಿಕೆಯಲ್ಲಿ ಓದಿದವರು ಎರಡು ಲಕ್ಷದ ಕೊಟೇಶನ್ ಕಂಡು ತಮ್ಮನ್ನು ಸುಲಿಯುತ್ತಿದ್ದಾರೆ ಎಂದುಕೊಳ್ಳುತ್ತಾರೆ. ಯಾವಾಗಲೂ ಹಾಗಿರಬೇಕಾಗಿಲ್ಲ. 1.45 ಲಕ್ಷ ಸಬ್ಸಿಡಿ ಲೆಕ್ಕಕ್ಕೆ ಹಿಡಿದ ದರವೇ ಹೊರತು ಮಾರಾಟದ ಗರಿಷ್ಠ ಬೆಲೆಯಲ್ಲ. ಸಮತಟ್ಟು ತಾರಸಿಯ ಮೇಲೆ ತಗ್ಗಾದ ಸ್ಟ್ರಕ್ಚರ್ ಹಾಕುವ ಬಯಲುಸೀಮೆಯ ಮನೆ ಬೇರೆ, ಉಡುಪಿಯ ಮನೆ ಬೇರೆ. ಇಲ್ಲಿ ತಾರಸಿಯ ಮೇಲೆ ಮಳೆಗೆಂದು ಕಬ್ಬಿಣದ ಟ್ರಸ್ ನಿಲ್ಲಿಸಿ ಶೀಟ್ ಹೊದೆಸಿರುತ್ತಾರೆ. ಅದರಡಿ ಬಟ್ಟೆ ಒಣಗಬೇಕು, ಅಡಿಕೆ, ಸಿಪ್ಪೆ ಇಡಬೇಕು. ಪ್ಯಾನೆಲ್ ಕೂರಬೇಕಾದದ್ದು ಆ ಶೀಟಿನ ಮೇಲೆ, ಇಲ್ಲವೇ ಹಂಚಿನ ಮಾಡಿನ ಮೇಲೆ, ಅದೂ ಆಗದಿದ್ದರೆ ಹತ್ತಡಿ ಎತ್ತರದ ಬೇರೆಯೇ ಕಂಬಗಳ ಮೇಲೆ. ಅದಕ್ಕೆ ಖರ್ಚು ಬೀಳುತ್ತದೆ, ಬೀಳಲೇಬೇಕು.

ಇನ್ನೊಂದು ಸಂಗತಿಯನ್ನು ಮಾರುವವರು ಸಾಮಾನ್ಯವಾಗಿ ಬಿಡಿಸಿ ಹೇಳುವುದಿಲ್ಲ. ಸಬ್ಸಿಡಿ ಬೇಕಾದರೆ ಪ್ಯಾನೆಲ್ ಮಾತ್ರವಲ್ಲ, ಅದರೊಳಗಿನ ಸೆಲ್ ಕೂಡ ಭಾರತದಲ್ಲೇ ತಯಾರಾಗಿರಬೇಕು. ಇದಕ್ಕೆ ವ್ಯಾಪಾರದಲ್ಲಿ ಡಿಸಿಆರ್ ಪ್ಯಾನೆಲ್ ಎನ್ನುತ್ತಾರೆ. ಆಮದು ಸೆಲ್‌ನ ಪ್ಯಾನೆಲ್‌ಗಿಂತ ಇದು ವ್ಯಾಟಿಗೆ ಹಲವು ರೂಪಾಯಿ ದುಬಾರಿ. ವ್ಯಾಟಿಗೆ ಎಂಟು ರೂಪಾಯಿ ಹೆಚ್ಚು ಎಂದು ಹಿಡಿದರೂ ಮೂರು ಕಿಲೋವ್ಯಾಟಿಗೆ 24,000 ರೂ. ಅಂದರೆ 78,000ದ ಸಬ್ಸಿಡಿಯಲ್ಲಿ ದೊಡ್ಡದೊಂದು ಪಾಲು ಮನೆಯವರ ಕೈಯಿಂದ ದಾಟಿ ದೇಶೀಯ ಸೆಲ್ ಕಾರ್ಖಾನೆಗೆ ಹೋಗುತ್ತದೆ. ದೇಶದಲ್ಲಿ ಸೆಲ್ ಉದ್ಯಮ ಬೆಳೆಯಲಿ ಎಂಬ ನೀತಿಯನ್ನು ನಾನು ವಿರೋಧಿಸುವುದಿಲ್ಲ. ಆದರೆ ಡಿಸಿಆರ್ ದರ ಪಡೆದು ಬೇರೆ ಪ್ಯಾನೆಲ್ ಕೂರಿಸಿದರೆ ನಷ್ಟ ಎರಡು ಕಡೆ: ಹಣವೂ ಹೋಯಿತು, ಸಬ್ಸಿಡಿಯೂ ತಪ್ಪಿತು. ಪ್ಯಾನೆಲಿನ ಸೀರಿಯಲ್ ನಂಬರ್ ಹಾಕಿ ಅದು ಡಿಸಿಆರ್ ಹೌದೋ ಅಲ್ಲವೋ ಎಂದು ನೋಡಲು ಸರ್ಕಾರದ ಪೋರ್ಟಲ್ ಇದೆ. ಪ್ಯಾನೆಲ್ ಮಾಡಿಗೇರುವ ಮೊದಲೇ ನೋಡಬೇಕು, ಏರಿದ ಮೇಲೆ ಹಿಂಬದಿಯ ಲೇಬಲ್ ಓದಲು ಏಣಿ ಬೇಕು.

ತೆರಿಗೆಯ ವಿಷಯ ಚಿಕ್ಕದು, ಆದರೆ ಕೇಳಬೇಕಾದದ್ದು. ಸೋಲಾರ್ ಕಾಮಗಾರಿಯ ಶೇ. 70 ಭಾಗವನ್ನು ಸರಕು, ಶೇ. 30ನ್ನು ಸೇವೆ ಎಂದು ಜಿಎಸ್‌ಟಿ ಹಿಡಿಯುತ್ತದೆ. ಸರಕಿನ ಮೇಲಿನ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ 5ಕ್ಕೆ ಇಳಿಯಿತು, ಸೇವೆಯದು 18ರಲ್ಲೇ ಉಳಿಯಿತು. ಒಟ್ಟು ಭಾರ 13.8ರಿಂದ 8.9ಕ್ಕೆ ಇಳಿದಂತಾಯಿತು. ಲಕ್ಷಕ್ಕೆ 4,900 ರೂ. ಇಳಿಕೆ. ಹಳೆಯ ಕೊಟೇಶನ್ನಿನ ಮೊತ್ತವೇ ಹೊಸ ತಾರೀಕಿನಲ್ಲಿ ಬಂದಿದ್ದರೆ ತೆರಿಗೆಯನ್ನು ಬಿಡಿಸಿ ಬರೆದುಕೊಡಿ ಎಂದು ಕೇಳುವುದು ಗಿರಾಕಿಯ ಹಕ್ಕು. "ಬಿಲ್ ಬೇಡ ಅಂದ್ರೆ ಹತ್ತು ಸಾವಿರ ಕಡಿಮೆ ಮಾಡುವ" ಎಂಬ ಮಾತಿಗೆ ಮಾತ್ರ ಯಾವ ಕಾರಣಕ್ಕೂ ಒಪ್ಪಬಾರದು. ಬಿಲ್ ಇಲ್ಲದ ವಸ್ತುವಿಗೆ ವಾರಂಟಿಯೂ ಇಲ್ಲ, ಮುಂದೆ ದೂರು ಕೊಡಲು ಆಧಾರವೂ ಇಲ್ಲ.

ನಮ್ಮ ಕಡೆ ಕೈಗೆ ಬರುವ ಕೊಟೇಶನ್ ಒಂದನ್ನು ಬಿಡಿಸಿ ನೋಡಿ. ಪ್ಯಾನೆಲಿನ ಸಾಲು ತುಂಬ ವಿವರವಾಗಿರುತ್ತದೆ: ಕಂಪನಿ, ವ್ಯಾಟ್, ಸಂಖ್ಯೆ, ಬೈಫೇಶಿಯಲ್ ಹೌದೋ ಅಲ್ಲವೋ. ಇನ್ವರ್ಟರಿನ ಸಾಲಿನಲ್ಲಿ ಕಂಪನಿಯ ಹೆಸರು ಇದ್ದು, ಪಕ್ಕದಲ್ಲಿ "ಅಥವಾ ಸಮಾನ ದರ್ಜೆಯ" ಎಂಬ ಪದಗಳು ಸೇರಿರುತ್ತವೆ. ಅದರ ಕೆಳಗೆ "ಸ್ಟ್ರಕ್ಚರ್ – 1 ಸೆಟ್", "ಅರ್ಥಿಂಗ್ ಕಿಟ್ – 1 ಸೆಟ್", "ಕೇಬಲ್ – ಅಗತ್ಯಕ್ಕೆ ತಕ್ಕಂತೆ". ಮುಗಿಯಿತು. ಪೈಪಿನ ದಪ್ಪ ಎಷ್ಟು, ಕಲಾಯಿ ಹೇಗೆ, ಬೋಲ್ಟು ಯಾವ ಉಕ್ಕಿನದು, ಅರ್ಥಿಂಗ್ ಗುಂಡಿ ಎಷ್ಟು, ಶೀಟಿಗೆ ತೂತು ಕೊರೆದರೆ ಸೋರಿಕೆಗೆ ಯಾರು ಹೊಣೆ, ಒಂದೂ ಇಲ್ಲ. ಐವತ್ತು ಸಾವಿರದ ಅಂತರ ಅಡಗಿರುವುದು ಈ ಮೂರು ಸಾಲುಗಳಲ್ಲಿ.

ಸ್ಟ್ರಕ್ಚರಿನ ಮಾತನ್ನೇ ತೆಗೆದುಕೊಳ್ಳೋಣ. ಕರಗಿದ ಸತುವಿನಲ್ಲಿ ಅದ್ದಿ ತೆಗೆದ, 80 ಮೈಕ್ರಾನ್ ಲೇಪ ಇರುವ ಕಬ್ಬಿಣ ನಮ್ಮ ಕರಾವಳಿಗೆ ತಡೆಯುತ್ತದೆ. ಅದರ ಬದಲು ಅಂಗಡಿಯಲ್ಲಿ ಸಿಗುವ ತೆಳು ಜಿಐ ಪೈಪನ್ನು ತಂದು, ಮನೆಯಂಗಳದಲ್ಲೇ ಕತ್ತರಿಸಿ ವೆಲ್ಡ್ ಮಾಡಿ, ಬೆಸುಗೆಯ ಮೇಲೆ ಬೆಳ್ಳಿ ಬಣ್ಣ ಬಳಿದರೆ ಮೊದಲ ದಿನ ಎರಡೂ ಒಂದೇ ಥರ ಹೊಳೆಯುತ್ತವೆ. ವೆಲ್ಡಿಂಗ್ ಬಿಸಿಗೆ ಸತು ಸುಟ್ಟುಹೋದ ಜಾಗದಿಂದ ತುಕ್ಕು ಶುರುವಾಗುತ್ತದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬೆಸುಗೆಯ ಕೆಳಗೆ ಕೆಂಪು ಗೆರೆ ಇಳಿದಿರುತ್ತದೆ. ಕಾಪು, ಮಲ್ಪೆಯಂಥ ಕಡಲ ಬದಿಯಲ್ಲಿ ಇನ್ನೂ ಒಂದು ತೊಂದರೆ ಸೇರುತ್ತದೆ. ಪ್ಯಾನೆಲಿನ ಚೌಕಟ್ಟು ಅಲ್ಯೂಮಿನಿಯಂ, ಕೆಳಗಿನ ಪೈಪು ಕಬ್ಬಿಣ, ನಡುವೆ ಉಪ್ಪಿನ ತೇವ. ಎರಡು ಲೋಹ ಉಪ್ಪುನೀರಿನಲ್ಲಿ ಮುಟ್ಟಿಕೊಂಡು ಕೂತರೆ ಒಂದು ಇನ್ನೊಂದನ್ನು ತಿನ್ನುತ್ತದೆ. ನಡುವೆ ಒಂದು ರಬ್ಬರ್ ವಾಷರ್, ಸ್ಟೀಲ್ 304 ಬೋಲ್ಟು ಹಾಕಿದರೆ ತಪ್ಪುವ ಸಂಕಟ ಇದು. ಇಡೀ ಕೆಲಸಕ್ಕೆ ಅದರ ಹೆಚ್ಚುವರಿ ಖರ್ಚು ಕೆಲವು ಸಾವಿರ ರೂಪಾಯಿ. ಆ ಕೆಲವು ಸಾವಿರವನ್ನು ಉಳಿಸಿಯೇ ಕೊಟೇಶನ್ ಇಳಿಸುತ್ತಾರೆ.

ಅರ್ಥಿಂಗ್ ಇನ್ನೂ ಗಂಭೀರ. ಪ್ಯಾನೆಲ್ ಕಡೆಗೊಂದು, ಕರೆಂಟ್ ಕಡೆಗೊಂದು, ಸಿಡಿಲು ತಡೆಯುವ ಕಂಬಿಗೊಂದು, ಹೀಗೆ ಮೂರು ಪ್ರತ್ಯೇಕ ಗುಂಡಿ ಬೇಕು. ಮಣಿಪಾಲ–ಪರ್ಕಳದ ಗುಡ್ಡವೆಲ್ಲ ಮುರಕಲ್ಲು. ಬೇಸಗೆಯಲ್ಲಿ ಒಣಗಿದ ಮುರಕಲ್ಲು ವಿದ್ಯುತ್ತನ್ನು ಸುಲಭಕ್ಕೆ ಒಳಗೆ ಬಿಟ್ಟುಕೊಳ್ಳುವುದಿಲ್ಲ. ನಮ್ಮಲ್ಲಿ ಗುಡುಗು–ಸಿಡಿಲು ಜೋರಾಗುವುದು ಏಪ್ರಿಲ್–ಮೇ ತಿಂಗಳಲ್ಲಿ, ನೆಲ ಅತಿ ಒಣಗಿರುವ ಹೊತ್ತಿನಲ್ಲೇ. ತಾಮ್ರ ಲೇಪದ ರಾಡ್ ಕಲ್ಲಿಗೆ ಇಳಿಯುವುದಿಲ್ಲವೆಂದು ಅರ್ಧಕ್ಕೆ ಕತ್ತರಿಸಿ ಹೂಳುವವರಿದ್ದಾರೆ. ಮೇಲೆ ಮುಚ್ಚಳ ಹಾಕಿದ ಮೇಲೆ ಯಾರಿಗೂ ಕಾಣುವುದಿಲ್ಲ. ಸಿಡಿಲು ಬಡಿದು ಇನ್ವರ್ಟರ್ ಸುಟ್ಟಾಗ ಕಂಪನಿ ಕೇಳುವ ಮೊದಲ ಪ್ರಶ್ನೆಯೇ ಅರ್ಥಿಂಗ್ ಬಗ್ಗೆ. ಸಿಡಿಲು ಹೇಗೂ ವಾರಂಟಿಯ ಹೊರಗಿನ ಪ್ರಕೃತಿ ವಿಕೋಪಗಳ ಪಟ್ಟಿಯಲ್ಲಿ ಇರುತ್ತದೆ. ಹಾಗಾಗಿ ಗುಂಡಿ ತೋಡುವಾಗ ಮನೆಯವರೊಬ್ಬರು ಅಲ್ಲೇ ನಿಂತು ನೋಡಬೇಕು, ಫೋಟೋ ತೆಗೆದಿಡಬೇಕು, ಅರ್ಥ್ ರೆಸಿಸ್ಟೆನ್ಸ್ ಅಳೆದ ಅಂಕಿಯನ್ನು ಕಾಗದದಲ್ಲಿ ಬರೆಸಿಕೊಳ್ಳಬೇಕು. ಮನೆಮೇಲಿನ ಯಂತ್ರಕ್ಕೆ ವಿಮೆ ಮಾಡಿಸುವ ಯೋಚನೆಯನ್ನೂ ಕರಾವಳಿಯವರು ಮಾಡಬೇಕು.

ಇಷ್ಟು ಖರ್ಚು ಮಾಡಿದ್ದು ಗಿಟ್ಟುತ್ತದೆಯೇ? ಇದಕ್ಕೆ ಎಲ್ಲ ಮನೆಗೂ ಹೊಂದುವ ಉತ್ತರ ಇಲ್ಲ. ಇದೆಯೆಂದು ಹೇಳುವ ವೆಂಡರ್ ಕರೆಂಟ್ ಬಿಲ್ ನೋಡದೆ ಮಾತಾಡುತ್ತಿದ್ದಾನೆ. ಕರ್ನಾಟಕದಲ್ಲಿ 2023ರ ಜುಲೈಯಿಂದ ಗೃಹಜ್ಯೋತಿ ಇದೆ. 200 ಯೂನಿಟ್‌ನ ಮಿತಿಯೊಳಗೆ, ಹಿಂದಿನ ಸರಾಸರಿಗೆ ಶೇ. 10 ಸೇರಿಸಿ ಅಷ್ಟು ಕರೆಂಟು ಉಚಿತ. ಗಂಡ–ಹೆಂಡತಿ ಇಬ್ಬರೇ ಇರುವ, ತಿಂಗಳಿಗೆ 120 ಯೂನಿಟ್ ದಾಟದ ಮನೆಗೆ ಬರುವ ಬಿಲ್ ಸೊನ್ನೆ. ಆ ಮನೆಯಲ್ಲಿ ಸೋಲಾರ್ ಉಳಿಸಬೇಕಾದ ಹಣವೇ ಇಲ್ಲ. ಅವರಿಗೆ "ಐದು ವರ್ಷದಲ್ಲಿ ಅಸಲು ಬರ್ತದೆ" ಎಂದು ಹೇಳಿ ಮೂರು ಕಿಲೋವ್ಯಾಟ್ ಮಾರುವುದು ಅನ್ಯಾಯ. ಹಿರಿಯ ನಾಗರಿಕರ ಮನೆಗಳಲ್ಲಿ ಈ ಅನ್ಯಾಯ ಆಗುವ ಸಂಭವ ಹೆಚ್ಚು ಎಂಬುದು ನನ್ನ ಆತಂಕ.

ತಿಂಗಳಿಗೆ 300 ಯೂನಿಟ್ ಸುಡುವ, ಎರಡು ಎಸಿ, ಬಾವಿಯ ಪಂಪು, ಗೀಸರ್ ಇರುವ ಮನೆಯ ಲೆಕ್ಕ ಬೇರೆ. 2025–26ರಲ್ಲಿ ಮನೆ ಬಳಕೆಯ ದರ ಯೂನಿಟಿಗೆ 5.80 ರೂ. ಇತ್ತು; ಪಿಂಚಣಿ ಬಾಬ್ತಿನ 36 ಪೈಸೆ, ಶೇ. 9 ತೆರಿಗೆ ಸೇರಿ ಹತ್ತಿರ ಹತ್ತಿರ 6.70. ವರ್ಷಕ್ಕೆ 3,600 ಯೂನಿಟ್ ಉಳಿದರೆ ಸುಮಾರು 24,000 ರೂ. ಎರಡು ಲಕ್ಷದ ವ್ಯವಸ್ಥೆಗೆ ಸಬ್ಸಿಡಿ ಕಳೆದರೆ 1.22 ಲಕ್ಷ. ಐದು ವರ್ಷಕ್ಕೆ ಅಸಲು ಬಂತು ಎನ್ನಬಹುದು. ಆದರೆ ಇದರಲ್ಲಿ ಎರಡು ತಿದ್ದುಪಡಿ ಬೇಕು. ಮೊದಲನೆಯದು ನಿಗದಿತ ಶುಲ್ಕ: 2025–26ರಲ್ಲಿ ಮಂಜೂರಾದ ಲೋಡಿನ ಪ್ರತಿ ಕಿಲೋವ್ಯಾಟಿಗೆ ತಿಂಗಳಿಗೆ 145 ರೂ. ಇತ್ತು. ಹಳೆಯ ಮನೆಯ ಲೋಡ್ ಒಂದು ಇದ್ದದ್ದು ಸೋಲಾರ್‌ಗಾಗಿ ಮೂರಕ್ಕೆ ಏರಿದರೆ ತಿಂಗಳಿಗೆ 290, ವರ್ಷಕ್ಕೆ 3,480 ರೂ. ಹೆಚ್ಚಾಗುತ್ತದೆ. ಬಿಸಿಲು ಎಷ್ಟೇ ಇರಲಿ, ಸೋಲಾರ್ ಈ ಹಣವನ್ನು ಉಳಿಸಿಕೊಡುವುದಿಲ್ಲ.

ಎರಡನೆಯದು ಮಳೆಗಾಲ. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಆಟಿ ತಿಂಗಳಲ್ಲಿ ಉತ್ಪಾದನೆ ಬೇಸಗೆಯ ಅರ್ಧಕ್ಕೆ ಇಳಿಯುತ್ತದೆ, ಮೋಡ ಕವಿದು ಕೂತ ವಾರಗಳಲ್ಲಿ ಅದಕ್ಕೂ ಕೆಳಗೆ. ವೆಂಡರುಗಳು ತೋರಿಸುವ ತಿಂಗಳ ಸರಾಸರಿಯಲ್ಲಿ ಈ ಏರಿಳಿತ ಮುಚ್ಚಿಹೋಗುತ್ತದೆ. ನಮ್ಮಲ್ಲಿ ಲೈನಿಗೆ ಕೊಟ್ಟದ್ದನ್ನೂ ಲೈನಿನಿಂದ ಪಡೆದದ್ದನ್ನೂ ಅಳೆಯುವ ನೆಟ್ ಮೀಟರಿನ ಲೆಕ್ಕ ಆಯಾ ತಿಂಗಳ ಬಿಲ್ಲಿನಲ್ಲೇ ತೀರುವುದರಿಂದ ಮಾರ್ಚಿನ ಹೆಚ್ಚುವರಿ ಯೂನಿಟ್ಟನ್ನು ಜುಲೈಗೆ ಉಳಿಸಿಡಲಾಗುವುದಿಲ್ಲ. ಮಾರ್ಚಿನಲ್ಲಿ ಹೆಚ್ಚಾದದ್ದನ್ನು ವಿದ್ಯುತ್ ಕಂಪನಿ ಮೆಸ್ಕಾಂಗೆ ಕಡಿಮೆ ದರಕ್ಕೆ ಕೊಟ್ಟು, ಜುಲೈಯಲ್ಲಿ ಬೇಕಾದದ್ದನ್ನು ಪೂರ್ತಿ ದರಕ್ಕೆ ಕೊಳ್ಳಬೇಕು. ಕೊಡುವ ದರ ಎಷ್ಟು? ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ 2013ರಲ್ಲಿ ದರ ಗೊತ್ತುಮಾಡಿದಾಗ ಸಬ್ಸಿಡಿ ಪಡೆಯದವರಿಗೆ ಯೂನಿಟಿಗೆ 9.56, ಪಡೆದವರಿಗೆ 7.20 ರೂ. ಇತ್ತು. ಪ್ಯಾನೆಲ್ ಬೆಲೆ ಕುಸಿದಂತೆ ಅದೂ ಕುಸಿದು, ಸಬ್ಸಿಡಿ ಪಡೆದ ಮನೆಗಳಿಗೆ ಈಗ ಮೂರು ರೂಪಾಯಿಯ ಒಳಗೆ ಬಂದಿದೆ. ಕರೆಂಟು ಮಾರಿ ಲಾಭ ಮಾಡುವ ಕಾಲ ಮುಗಿಯಿತು. "ದೊಡ್ಡದು ಹಾಕಿ ಸರ್, ಉಳಿದದ್ದನ್ನು ಮೆಸ್ಕಾಂಗೆ ಮಾರಬಹುದು" ಎಂಬ ಸಲಹೆ ಈಗ ನಷ್ಟದ ಸಲಹೆ.

ಮಳೆಗಾಲದ ಇನ್ನೊಂದು ನಿರಾಸೆಯನ್ನೂ ಇಲ್ಲೇ ಹೇಳಬೇಕು. ಬ್ಯಾಟರಿ ಇಲ್ಲದ ಸಾಮಾನ್ಯ ಆನ್‌ಗ್ರಿಡ್ ವ್ಯವಸ್ಥೆ, ಲೈನ್ ಕರೆಂಟ್ ಹೋದ ತಕ್ಷಣ ತಾನೂ ನಿಲ್ಲುತ್ತದೆ. ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮ್ಯಾನ್ ಜೀವಕ್ಕೆ ಅಪಾಯವಾಗಬಾರದೆಂದು ಹಾಗೆ ಮಾಡಲಾಗಿದೆ. ಮರ ಬಿದ್ದು ಎರಡು ದಿನ ಕರೆಂಟಿಲ್ಲದ ಹಿರಿಯಡಕ, ಹೆಬ್ರಿ ಕಡೆಯ ಮನೆಗೆ ಎರಡು ಲಕ್ಷ ಕೊಟ್ಟು ಹಾಕಿದ ಪ್ಯಾನೆಲಿನಿಂದ ಒಂದು ಬಲ್ಬೂ ಉರಿಯುವುದಿಲ್ಲ. ಕೊಳ್ಳುವ ಮೊದಲೇ ಇದನ್ನು ಹೇಳುವ ವೆಂಡರ್ ಸಿಕ್ಕಿದರೆ ಆತನ ಉಳಿದ ಮಾತಿಗೂ ಬೆಲೆ ಕೊಡಬಹುದು.

ಇನ್ನು ವಾರಂಟಿ. 25 ವರ್ಷ ಎಂಬುದರೊಳಗೆ ಎರಡು ಬೇರೆ ಬೇರೆ ಭರವಸೆಗಳಿವೆ. ಗಾಜು ಒಳಗಿಂದ ಒಡೆಯುವುದು, ಪದರ ಬಿಡುವುದು, ಜಂಕ್ಷನ್ ಬಾಕ್ಸ್ ಸುಡುವುದು ಮುಂತಾದ ತಯಾರಿಕೆಯ ದೋಷಕ್ಕೆ ಸಾಮಾನ್ಯವಾಗಿ 10ರಿಂದ 15 ವರ್ಷ. ಉತ್ಪಾದನೆ ಇಂತಿಷ್ಟಕ್ಕಿಂತ ಇಳಿಯುವುದಿಲ್ಲ ಎಂಬುದಕ್ಕೆ 25 ವರ್ಷ, ಹೊಸ ತಳಿಯ ಪ್ಯಾನೆಲ್‌ಗಳಿಗೆ 30 ವರ್ಷ. ಮೊದಲ ವರ್ಷ ಶೇ. ಎರಡರಷ್ಟು, ಆಮೇಲೆ ವರ್ಷಕ್ಕೆ ಅರ್ಧ–ಮುಕ್ಕಾಲು ಶೇಕಡಾ ಇಳಿದು, 25 ವರ್ಷದ ಕೊನೆಗೆ ಶೇ. 80ಕ್ಕಿಂತ ಮೇಲೆ ಉಳಿಯಬೇಕು. ಕಾಗದದ ಮೇಲೆ ಇದು ಗಟ್ಟಿ ಮಾತು. ಆದರೆ ಅಳೆಯುವುದು ಹೇಗೆ? ಪ್ಯಾನೆಲಿನ ಮೇಲೆ ಬರೆದ 540 ವ್ಯಾಟ್ ಎಂಬುದು ಪ್ರಯೋಗಾಲಯದಲ್ಲಿ ಚದರ ಮೀಟರಿಗೆ 1,000 ವ್ಯಾಟ್ ಬೆಳಕು, ಸೆಲ್ 25 ಡಿಗ್ರಿ ಬಿಸಿ ಇದ್ದಾಗಿನ ಅಳತೆ. ಪರ್ಕಳದ ಮಧ್ಯಾಹ್ನದ ಬಿಸಿಲಲ್ಲಿ ಪ್ಯಾನೆಲ್ 60 ಡಿಗ್ರಿ ದಾಟಿರುತ್ತದೆ. ಅಲ್ಲಿ ಕಡಿಮೆ ತೋರಿಸುವುದು ದೋಷವಲ್ಲ. ಹತ್ತನೇ ವರ್ಷದಲ್ಲಿ ಉತ್ಪಾದನೆ ಕುಸಿದಿದೆ ಎಂದು ಸಾಧಿಸಬೇಕಾದರೆ ಪ್ಯಾನೆಲನ್ನು ಬಿಚ್ಚಿಸಿ, ಕಂಪನಿ ಒಪ್ಪುವ ಪ್ರಯೋಗಾಲಯಕ್ಕೆ ಕಳಿಸಿ, ಪರೀಕ್ಷೆ ಮಾಡಿಸಬೇಕು. ಬಿಚ್ಚುವ, ಸಾಗಿಸುವ, ಮತ್ತೆ ಕೂರಿಸುವ ಖರ್ಚು ಹೆಚ್ಚಿನ ವಾರಂಟಿ ಪತ್ರಗಳ ಪ್ರಕಾರ ಗಿರಾಕಿಯದೇ. ಅಳತೆಯ ತಪ್ಪಿಗೆ ಒಂದಿಷ್ಟು ಶೇಕಡಾ ರಿಯಾಯಿತಿ ಕಂಪನಿಗೆ. ಎಲ್ಲ ಗೆದ್ದರೂ ಸಿಗುವುದು ಕೊರತೆಯಾದ ವ್ಯಾಟಿನ ಬೆಲೆ. ಪ್ಯಾನೆಲ್ ಬೆಲೆ ಇಷ್ಟು ಇಳಿದಿರುವಾಗ ಒಂದು ಪ್ಯಾನೆಲಿಗಾಗಿ ಈ ದಾರಿ ಹಿಡಿಯುವ ಮನೆ ಇರಲಾರದು. ಈ 25 ವರ್ಷದ ಭರವಸೆಯನ್ನು ಯಾರೂ ಕೇಳಿ ಪಡೆಯಲಾರರು ಎಂಬುದೇ ಅದರ ಕೊರತೆ.

ಅದಲ್ಲದೆ ಹೊರಗಿಟ್ಟವುಗಳ ಪಟ್ಟಿ ಇದೆ. ಮಂಗ ಹಾರಿ ಗಾಜು ಒಡೆದರೆ, ತೆಂಗಿನ ಮಡಲು ಬಿದ್ದರೆ, ಸಿಡಿಲು ಬಡಿದರೆ ಇಲ್ಲ. ಸಮುದ್ರದ ಹತ್ತಿರ ಹಾಕಿದರೆ ಕೆಲವು ಕಂಪನಿಗಳ ಷರತ್ತು ಬೇರೆ. ಕಾಪು ತೀರದವರು ಉಪ್ಪುಗಾಳಿಯ ಪರೀಕ್ಷೆಯಾದ ಐಇಸಿ 61701 ಪ್ರಮಾಣಪತ್ರ ಕೇಳಿಯೇ ಕೊಳ್ಳಬೇಕು. ಕಂಪನಿಯ ಕೈಪಿಡಿಗೆ ವಿರುದ್ಧವಾಗಿ ಕೂರಿಸಿದ್ದರೂ ಇಲ್ಲ. ಅಂದರೆ ಅಗ್ಗದ ಸ್ಟ್ರಕ್ಚರ್ ತಾನು ಕೆಡುವುದಲ್ಲದೆ ಪ್ಯಾನೆಲಿನ ವಾರಂಟಿಯನ್ನೂ ಕೆಡಿಸುತ್ತದೆ. ಮಳೆಗಾಲ ಮುಗಿದಾಗ ಪ್ಯಾನೆಲಿನ ಕೆಳ ಅಂಚಿನಲ್ಲಿ ಹಸಿರು ಪಾಚಿ ಕಟ್ಟಿರುತ್ತದೆ, ಅದರ ನೆರಳಿಗೇ ಉತ್ಪಾದನೆ ಇಳಿಯುತ್ತದೆ. ತೊಳೆಯುವುದು ಯಾರ ಕೆಲಸ ಎಂಬುದು ಕೊಟೇಶನ್ನಿನಲ್ಲಿ ಇರುವುದಿಲ್ಲ. ಎತ್ತರದ ಶೀಟಿನ ಮೇಲೆ ಹತ್ತಿ ತೊಳೆಯಲು ವಯಸ್ಸಾದ ತಂದೆ–ತಾಯಿಗೆ ಆಗುವುದಿಲ್ಲ, ಹತ್ತಲೂ ಬಾರದು.

ಯೋಜನೆಯ ಒಪ್ಪಂದ ಪತ್ರದಲ್ಲಿ ಒಂದು ಒಳ್ಳೆಯ ಅಂಶ ಇದೆ: ಕೂರಿಸಿದ ವೆಂಡರ್ ಐದು ವರ್ಷ ನಿರ್ವಹಣೆ ಮಾಡಿಕೊಡಬೇಕು. ಸಬ್ಸಿಡಿಗೆಂದು ಗಿರಾಕಿ ಮತ್ತು ವೆಂಡರ್ ಇಬ್ಬರೂ ಸಹಿ ಹಾಕಿದ ಕಾಗದ ಅದು. ಆದರೆ ಆ ಒಪ್ಪಂದದ ಪ್ರತಿ ಮನೆಯಲ್ಲಿ ಇರುವುದೇ ಅಪರೂಪ. ಆನ್‌ಲೈನಿನಲ್ಲಿ ವೆಂಡರ್ ಕಡೆಯ ಹುಡುಗನೇ ಎಲ್ಲ ತುಂಬಿ, ಓಟಿಪಿ ಕೇಳಿ, ಮುಗಿಸಿರುತ್ತಾನೆ. ಮೂರನೇ ವರ್ಷ ಇನ್ವರ್ಟರಿನಲ್ಲಿ ಕೆಂಪು ದೀಪ ಹತ್ತಿದಾಗ "ಒಮ್ಮೆ ಬಂದು ನೋಡಿ ಹೋಗಿ ಮಾರಾಯ್ರೆ" ಎಂದು ಬೇಡಿಕೊಳ್ಳುವವರಿಗೆ, ಬರುವುದು ಅವನ ಉಪಕಾರವಲ್ಲ, ಕರಾರು ಎಂಬುದೇ ಗೊತ್ತಿರುವುದಿಲ್ಲ.

ಇನ್ನೊಂದು ಸಣ್ಣ ಸಂಗತಿ ನಮ್ಮ ಜಿಲ್ಲೆಯ ಮಟ್ಟಿಗೆ ದೊಡ್ಡದು. ಇಲ್ಲಿ ಎಷ್ಟೋ ಮನೆಗಳ ಯಜಮಾನರು ಮುಂಬಯಿಯಲ್ಲೋ ದುಬೈಯಲ್ಲೋ ಬೆಂಗಳೂರಿನಲ್ಲೋ ಇದ್ದಾರೆ. ಇನ್ವರ್ಟರಿನ ಆ್ಯಪ್‌ನಲ್ಲಿ ದಿನದ ಯೂನಿಟ್ ನೋಡಿಕೊಂಡು ಸಮಾಧಾನ ಪಡುತ್ತಾರೆ. ಮನೆಯ ವೈಫೈ ಪಾಸ್‌ವರ್ಡ್ ಬದಲಾದ ದಿನ ಅದು ನಿಲ್ಲುತ್ತದೆ. ಮತ್ತೆ ಜೋಡಿಸಬೇಕಾದರೆ ಖಾತೆ ವೆಂಡರ್ ಹೆಸರಿನಲ್ಲಿ ಇರುತ್ತದೆ. ಆತ ಫೋನ್ ಎತ್ತದಿದ್ದರೆ ಸ್ವಂತ ಮನೆಯ ಯಂತ್ರದ ಲೆಕ್ಕ ಸ್ವಂತಕ್ಕೇ ಸಿಗದು. ಕೊನೆಯ ಕಂತು ಕೊಡುವ ಮೊದಲು ಖಾತೆಯನ್ನು ಮನೆಯವರ ಹೆಸರಿಗೆ ಮಾಡಿಸಿಕೊಳ್ಳಬೇಕು. ಮುಂದೆ ವಾರಂಟಿ ಕೇಳುವಾಗ ಉತ್ಪಾದನೆಯ ಈ ದಾಖಲೆಯೇ ಮೊದಲ ಸಾಕ್ಷಿ.

ಇನ್ನು, ವಾರಂಟಿ ಕೊಟ್ಟ ಕಂಪನಿಯೇ ಉಳಿಯದಿದ್ದರೆ? ಭಾರತದಲ್ಲಿ ಸೋಲಾರ್‌ಗೆ ದೊಡ್ಡ ಹೆಸರಾಗಿದ್ದ ಮೋಸರ್ ಬೇರ್ 2018ರಲ್ಲಿ ದಿವಾಳಿಯಾಗಿ ಮುಚ್ಚುವ ಹಂತ ತಲುಪಿತು. ಅಮೆರಿಕದಲ್ಲಿ 25 ವರ್ಷದ ವಾರಂಟಿಗೇ ಹೆಸರಾಗಿದ್ದ ಸನ್‌ಪವರ್ 2024ರ ಆಗಸ್ಟಿನಲ್ಲಿ ದಿವಾಳಿ ಅರ್ಜಿ ಹಾಕಿತು. ಎಲ್ಲ ಕಡೆ ಹೀಗೆಯೇ ಆಗುತ್ತದೆಂದಲ್ಲ. ಬೆಂಗಳೂರಿನ ಟಾಟಾ ಬಿಪಿ ಸೋಲಾರ್‌ನಿಂದ 2011ರ ಕೊನೆಗೆ ಬಿಪಿ ಹೊರನಡೆದಾಗ ಟಾಟಾ ಇಡೀ ಕಂಪನಿಯನ್ನು ವಹಿಸಿಕೊಂಡು ಮುಂದುವರಿಸಿತು. ಮೂರರಲ್ಲಿ ಒಂದು ಮನೆಗೆ ಸೋಲಾರ್ ಇರುವ ಆಸ್ಟ್ರೇಲಿಯ ಬೇರೆ ದಾರಿ ಹಿಡಿಯಿತು. ಅಲ್ಲಿಯ ಮಾರಾಟಗಾರರ ಸಂಹಿತೆ ಪ್ಯಾನೆಲ್, ಇನ್ವರ್ಟರ್, ಕೂರಿಸಿದ ಕೆಲಸ ಎಲ್ಲ ಸೇರಿ ಇಡೀ ವ್ಯವಸ್ಥೆಗೆ ಮಾರಿದವನೇ ಕನಿಷ್ಠ ಐದು ವರ್ಷ ಹೊಣೆ ಎನ್ನುತ್ತದೆ. ಪ್ಯಾನೆಲಿನವನು ಇನ್ವರ್ಟರಿನವನತ್ತ, ಇನ್ವರ್ಟರಿನವನು ಮೆಸ್ಕಾಂ ವೋಲ್ಟೇಜಿನತ್ತ ಕೈ ತೋರಿಸುವುದು ಅದರಿಂದ ತಪ್ಪುತ್ತದೆ. ನಮಗೂ ಬೇಕಾದದ್ದು ಇದೇ.

ನಾವು ಇದನ್ನು ಆಸ್ಟ್ರೇಲಿಯದಿಂದಲೇ ಕಲಿಯಬೇಕಾಗಿಲ್ಲ. ಕುಂದಾಪುರ ಕಡೆಯ ಮೂಲದ ಹರೀಶ್ ಹಂದೆ 1995ರಲ್ಲಿ ಸೋಲಾರ್ ಕಂಪನಿ ಸೆಲ್ಕೋ ಆರಂಭಿಸಿದಾಗ ಸೋಲಾರ್ ದೀಪ ಮಾರುವುದಕ್ಕಿಂತ ಕಷ್ಟದ್ದು ಬ್ಯಾಂಕನ್ನು ಒಪ್ಪಿಸುವುದಾಗಿತ್ತು. ಮಣಿಪಾಲದಲ್ಲಿ ಪ್ರಧಾನ ಕಚೇರಿ ಇದ್ದ ಸಿಂಡಿಕೇಟ್ ಬ್ಯಾಂಕ್ ಮತ್ತು ಅದರ ಮಲಪ್ರಭಾ ಗ್ರಾಮೀಣ ಬ್ಯಾಂಕ್ ಮೊದಲ ಹಂತದಲ್ಲೇ ಸಾಲಕ್ಕೆ ಮುಂದೆ ಬಂದವು. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ನೆರವಿನಿಂದ ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳು ಕರ್ನಾಟಕದಲ್ಲಿ ಮನೆದೀಪಕ್ಕೆ ಕಡಿಮೆ ಬಡ್ಡಿಯ ಸಾಲ ಕೊಟ್ಟಾಗಲೂ ಎಲ್ಲ ಮಾರಾಟಗಾರರಿಗೆ ಪ್ರವೇಶ ಇರಲಿಲ್ಲ. ಗುಣಮಟ್ಟ ಮತ್ತು ಮಾರಾಟದ ನಂತರದ ಸೇವೆಯ ಷರತ್ತಿಗೆ ಒಪ್ಪಿದವರಿಗಷ್ಟೇ. ಆಗಿನ ನಾಲ್ಕು ದೀಪದ ವ್ಯವಸ್ಥೆಯಲ್ಲಿ ಬ್ಯಾಟರಿ ಸತ್ತರೆ ಮನೆಯವರು ಕಂತು ಕಟ್ಟುವುದು ನಿಲ್ಲಿಸುತ್ತಿದ್ದರು, ಮ್ಯಾನೇಜರ್ ಡೀಲರನ್ನು ಹಿಡಿಯುತ್ತಿದ್ದ, ತಂತ್ರಜ್ಞ ಮನೆಗೆ ಬರುತ್ತಿದ್ದ. ವಾರಂಟಿ ನಡೆಯುತ್ತಿದ್ದದ್ದು ಹಾಗೆ. ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಈ ನೆಲದ ಬ್ಯಾಂಕು–ಸೇವೆಯ ಕಟ್ಟುಪಾಡಿಗೂ ಅದರಲ್ಲಿ ಪಾಲಿತ್ತು ಎಂದು ನಾನು ನಂಬುತ್ತೇನೆ.

ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಈಗ ಸೂರ್ಯಘರ್ ಸಾಲ ಮೇಲಾಧಾರವಿಲ್ಲದೆ, ಕಡಿಮೆ ಬಡ್ಡಿಗೆ, ಆನ್‌ಲೈನಿನಲ್ಲೇ ಸಿಗುತ್ತದೆ. ಹಣ ನೇರವಾಗಿ ವೆಂಡರಿಗೆ ಹೋಗುತ್ತದೆ. ವೇಗ ಬಂತು, ಹಿಡಿತ ಹೋಯಿತು. ಕರಾವಳಿಯ ಬ್ಯಾಂಕುಗಳಲ್ಲಿ ನನ್ನ ಕೋರಿಕೆ ಇಷ್ಟೇ: ಸಾಲದ ಹತ್ತನೇ ಒಂದು ಭಾಗವನ್ನು ಒಂದು ಮಳೆಗಾಲ ಕಳೆಯುವವರೆಗೆ ಹಿಡಿದಿಡಿ. ಸ್ಟ್ರಕ್ಚರ್ ತುಕ್ಕು ಹಿಡಿದಿಲ್ಲ, ಮಾಡು ಸೋರುತ್ತಿಲ್ಲ, ಇನ್ವರ್ಟರ್ ನಡೆಯುತ್ತಿದೆ ಎಂದು ಮನೆಯವರು ಸಹಿ ಹಾಕಿದ ಮೇಲೆ ಕೊಡಿ. ಒಳ್ಳೆಯ ಕೆಲಸ ಮಾಡುವ ಸಣ್ಣ ವೆಂಡರುಗಳು ನಮ್ಮಲ್ಲಿ ಇದ್ದಾರೆ, ಅವರಿಗೆ ಇದರಿಂದ ಅನುಕೂಲವೇ. ಈಗ ಅವರು ಸೋಲುತ್ತಿರುವುದು ದಪ್ಪ ಪೈಪ್ ಹಾಕಿ ಇಪ್ಪತ್ತು ಸಾವಿರ ಹೆಚ್ಚು ಹೇಳುವುದರಿಂದ. ಮೆಸ್ಕಾಂ ಕೂಡ ತನ್ನ ನೋಂದಾಯಿತ ವೆಂಡರುಗಳ ಪಟ್ಟಿಯ ಜೊತೆಗೆ, ಯಾರು ಎಷ್ಟು ಮನೆ ಮಾಡಿದ್ದಾರೆ, ಯಾರ ಮೇಲೆ ಎಷ್ಟು ದೂರು ಬಾಕಿ ಇದೆ ಎಂದು ಪ್ರಕಟಿಸಬೇಕು. ಪರ್ಕಳದಿಂದ ಕೂಗಳತೆಯಲ್ಲಿ ಮಣಿಪಾಲದ ಎಂಐಟಿ ಇದೆ, 1957ರಿಂದ ಇಂಜಿನಿಯರುಗಳನ್ನು ತಯಾರು ಮಾಡುತ್ತಿದೆ. ಮನೆಗೇ ಹೋಗಿ ಪ್ಯಾನೆಲ್ ಅಳೆಯುವ ಕೈಯುಪಕರಣದಿಂದ ವಿದ್ಯಾರ್ಥಿಗಳು ಸಣ್ಣ ಶುಲ್ಕಕ್ಕೆ ಪರೀಕ್ಷಾ ವರದಿ ಕೊಡುವ ವ್ಯವಸ್ಥೆ ಅಲ್ಲಿ ಆರಂಭವಾದರೆ 25 ವರ್ಷದ ವಾರಂಟಿಗೆ ಮೊದಲ ಬಾರಿಗೆ ಒಂದು ಅಳತೆಗೋಲು ಸಿಕ್ಕಂತಾಗುತ್ತದೆ.

ಬಳಕೆದಾರರ ಹೋರಾಟಕ್ಕೆ ಉಡುಪಿ ಹೊಸ ಊರಲ್ಲ. ಡಾ. ರವೀಂದ್ರನಾಥ ಶಾನುಭಾಗರ ಮುಂದಾಳುತನದ ಬಳಕೆದಾರರ ವೇದಿಕೆ ಇಲ್ಲಿ ಸಾಮಾನ್ಯ ಜನರಿಗೆ ರಶೀದಿ ಕೇಳುವುದನ್ನೂ ಅರ್ಜಿ ಬರೆಯುವುದನ್ನೂ ಕಲಿಸಿದೆ. ಸೋಲಾರ್ ವಿಷಯದಲ್ಲೂ ಅದೇ ಶಿಸ್ತು ಬೇಕು. ಯೋಜನೆಯ ಸಹಾಯವಾಣಿ 15555, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915, ಮೆಸ್ಕಾಂ 1912. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆಯ ಪ್ರಕಾರ ವೆಂಡರ್ ಬೆಂಗಳೂರಿನವನಾಗಲಿ ಹೈದರಾಬಾದಿನವನಾಗಲಿ, ದೂರನ್ನು ನಾವು ವಾಸಿಸುವ ಜಿಲ್ಲೆಯಲ್ಲೇ ಕೊಡಬಹುದು. ಐದು ಲಕ್ಷ ರೂಪಾಯಿಯೊಳಗಿನ ವ್ಯವಹಾರಕ್ಕೆ ಶುಲ್ಕ ಇಲ್ಲ, ವಕೀಲರು ಕಡ್ಡಾಯವಲ್ಲ. ಆದರೆ ತಕರಾರು ಹುಟ್ಟಿದ ಎರಡು ವರ್ಷದೊಳಗೆ ಕೊಡಬೇಕು. "ಮುಂದಿನ ವಾರ ಬರ್ತೇವೆ" ಎಂಬ ಮಾತು ಕೇಳುತ್ತ ಕೂತು ಆ ಅವಧಿ ಮೀರಲು ಬಿಡಬೇಡಿ. ಜಿಎಸ್‌ಟಿ ಬಿಲ್, ಐದು ವರ್ಷದ ನಿರ್ವಹಣೆಯ ಒಪ್ಪಂದ, ಪ್ರತಿ ಪ್ಯಾನೆಲ್ ಮತ್ತು ಇನ್ವರ್ಟರಿನ ಸೀರಿಯಲ್ ನಂಬರ್, ಅರ್ಥಿಂಗ್ ಗುಂಡಿಯ ಫೋಟೋ, ನೀವು ಕಳಿಸಿದ ದೂರಿನ ಪ್ರತಿ — ಇವಿಷ್ಟನ್ನು ಒಂದು ಫೈಲಿನಲ್ಲಿ ಇಟ್ಟುಕೊಳ್ಳಿ. ಆಯೋಗದ ಮುಂದೆ ದಾಖಲೆಯಾಗುವುದು ಈ ಕಾಗದಗಳು.